ನೂರ ಹದಿನಾಲ್ಕನೇ ಮನೆಯ ಕಸ

ಜನ ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳುತ್ತಾರೆ, ಕಸದ ಚೀಲದಲ್ಲಿ ಹೇಳಲಾರರು. ಹನ್ನೊಂದು ವರ್ಷ ಒಣಕಸದ ಶೆಡ್ಡಿನಲ್ಲಿ ನಿಂತು ನಾನು ಕಲಿತದ್ದು ಇದು. ಸಕ್ಕರೆ ಬಿಟ್ಟು ವರ್ಷವಾಯಿತು ಎನ್ನುವವರ ಚೀಲದಿಂದ ಚಾಕಲೇಟಿನ ಹಾಳೆಗಳು ಉದುರುತ್ತವೆ. ಕುಡಿಯುವುದೇ ಇಲ್ಲ ಎಂದು ಆಣೆ ಹಾಕುವವರ ಬಾಟಲಿಗಳು ಹಳೆಯ ಪತ್ರಿಕೆ ಸುತ್ತಿಕೊಂಡು ಮರ್ಯಾದಸ್ಥರ ಹಾಗೆ ಬರುತ್ತವೆ. ಕಸ ಸಾಗುವ ಬೆಲ್ಟಿನ ಎರಡು ಬದಿಗೆ ನಿಂತ ನಾವು ನಾಲ್ಕು ಜನ ಹೆಂಗಸರು ಮಾಸ್ಕಿನೊಳಗೇ ನಕ್ಕು ಸುಮ್ಮನಾಗುತ್ತೇವೆ. ಚೀಲದಲ್ಲಿ ಕಂಡದ್ದು ಶೆಡ್ಡಿನ ಗೇಟು ದಾಟಬಾರದು. ಕೆಲಸಕ್ಕೆ ಸೇರಿದ ದಿನವೇ ನಮ್ಮಿಂದ ಹಾಗೆಂದು ಬರೆಸಿಕೊಂಡಿದ್ದಾರೆ.

ಆದರೆ ನಮ್ಮ ಕಣ್ಣಿಗೂ ಒಂದು ಕುರುಡಿದೆ. ಬಂದದ್ದು ಕಾಣುತ್ತದೆ, ಬಾರದೇ ಹೋದದ್ದು ಕಾಣುವುದಿಲ್ಲ. ಅದು ನನಗೆ ತಿಳಿಯುವ ಹೊತ್ತಿಗೆ ನಾನು ನನ್ನ ಕೈಯಾರೆ ಒಂದು ಕಾಗದಕ್ಕೆ ರುಜು ಹಾಕಿ ಆಗಿತ್ತು.

ಎರಡು ವರ್ಷದ ಹಿಂದೆ ನಗರಸಭೆಯವರು ಹೊಸ ಪದ್ಧತಿ ತಂದರು. ಪ್ರತಿ ಮನೆಗೂ ಒಂದು ನಂಬರು, ಪ್ರತಿ ಚೀಲಕ್ಕೂ ಆ ನಂಬರಿನ ಚೀಟಿ. ಶುಕ್ರವಾರ ಗಾಡಿ ಬಂದಾಗ ಮನೆಯವರು ಚೀಲ ಕೊಡಬೇಕು, ಶೆಡ್ಡಿನಲ್ಲಿ ನಾವು ಅದನ್ನು ತೂಗಿ, ಬಿಚ್ಚಿ, ಕಾಗದ ಬೇರೆ, ಬಾಟಲಿ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಬೇಕು. ತೂಕವೆಲ್ಲ ಕಂಪ್ಯೂಟರಿಗೆ ಹೋಗಿ ಗೆರೆಗಳಾಗಿ ನಮ್ಮ ಮೇಲ್ವಿಚಾರಕರ ಗೋಡೆಯ ಮೇಲೆ ಬಂದು ಕೂರುತ್ತಿತ್ತು. ಅವರಿಗೆ ನಾವು ಇಟ್ಟ ಹೆಸರು ಶೇಕಡಾ ಸಾಹೇಬರು. ಮನುಷ್ಯ ಕೆಟ್ಟವರಲ್ಲ. ಆದರೆ ಎಲ್ಲಕ್ಕೂ ಶೇಕಡಾ. ಅವರ ಹೆಂಡತಿ ಅಡುಗೆಗೆ ಉಪ್ಪು ಹಾಕುವುದೂ ಶೇಕಡಾ ಲೆಕ್ಕದಲ್ಲೇ ಇರಬೇಕು ಎಂದು ನನ್ನ ಪಕ್ಕ ನಿಂತು ಬಾಟಲಿ ಆಯುವ ಬಾಟಲಿ ಅಕ್ಕ ಹೇಳುತ್ತಿದ್ದಳು. ಗೋಡೆಯ ಮೇಲಿನ ಗೆರೆ ಕೆಳಗಿಳಿದರೆ ಸಾಹೇಬರು ನಮಗೆಲ್ಲ ಚಹಾ ತರಿಸುತ್ತಿದ್ದರು, ಮೇಲೇರಿದರೆ ನಮ್ಮ ಮುಖವನ್ನೇ ನೋಡುತ್ತಿರಲಿಲ್ಲ. ಕಸ ಕಡಿಮೆಯಾದರೆ ಒಳ್ಳೆಯದು, ಕಡಿಮೆಯಾದರೆ ಒಳ್ಳೆಯದು ಎಂದು ದಿನಾ ಕೇಳಿ ಕೇಳಿ ಅದು ನಮ್ಮ ರಕ್ತದಲ್ಲೇ ಬೆರೆತುಹೋಗಿತ್ತು.

ನೂರ ಹದಿನಾಲ್ಕನೇ ಮನೆ ನನ್ನ ತಂಗಿಯದು.

ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ಪುಟ್ಟಿ ಎಂದು ಕರೆದು ಕರೆದು ಅವಳ ನಿಜವಾದ ಹೆಸರು ನನಗೇ ಮರೆತುಹೋಗುವಷ್ಟು ಎತ್ತಿ ಆಡಿಸಿದವಳು ನಾನು. ಇಪ್ಪತ್ತನೇ ವಯಸ್ಸಿಗೆ ಅವಳಿಗೆ ಥೈರಾಯ್ಡ್ ಕೈಕೊಟ್ಟಿತು. ಕೂತಲ್ಲೇ ತೂಕಡಿಸುತ್ತಿದ್ದಳು, ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದಳು, ಮುಖ ಊದಿಕೊಳ್ಳುತ್ತಿತ್ತು. ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದುಕೊಟ್ಟು, "ಬೆಳಗ್ಗೆ ಎದ್ದ ತಕ್ಷಣ ಒಂದು, ಜೀವ ಇರೋವರೆಗೂ" ಎಂದಿದ್ದರು. ಮಾತ್ರೆ ಶುರುವಾದ ಮೇಲೆ ಹುಡುಗಿ ಮತ್ತೆ ಮೊದಲಿನ ಹಾಗೆ ಮೆಟ್ಟಿಲು ಹಾರಿಕೊಂಡು ಇಳಿಯತೊಡಗಿದಳು. ನನಗೆ ಹೋದ ಜೀವ ಬಂದಂತಾಯಿತು.

ಅವಳ ಗಂಡ ಸರ್ವೆಯರ್. ಜಮೀನು ಅಳೆಯುವುದು ಕಸುಬು, ಮನೆಗೆ ಬಂದರೂ ಅಳತೆ ಬಿಡುವವನಲ್ಲ. ಸ್ನಾನಕ್ಕೆ ಎಷ್ಟು ಚೊಂಬು ನೀರು, ದೀಪ ಎಷ್ಟು ಹೊತ್ತು, ಎಲ್ಲದಕ್ಕೂ ಒಂದು ಗೆರೆ. ಕುಡಿತವಿಲ್ಲ, ಕೈ ಎತ್ತಿದವನಲ್ಲ, ದನಿ ಸಹ ಏರಿಸಿದವನಲ್ಲ. ನಗರಸಭೆಯ ಕಸದ ಪ್ರಚಾರ ಶುರುವಾದಾಗ ಅವನಿಗೆ ತನಗಾಗಿಯೇ ಒಂದು ಕೆಲಸ ಹುಟ್ಟಿಬಂದಂತಾಯಿತು. ಪ್ಯಾಕೆಟ್ಟಿನಲ್ಲಿ ಬರುವ ಯಾವ ಸಾಮಾನೂ ಮನೆಗೆ ಬೇಡ ಎಂದ. ನಾನು ಹೋದಾಗಲೆಲ್ಲ ತಂಗಿಗೆ ಬಿಸ್ಕತ್ತು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು ಎಂದು ಏನಾದರೂ ಒಯ್ಯುವ ಅಭ್ಯಾಸ.

"ಅಕ್ಕ, ನೀವು ಒಂದ್ಸಲ ಬಂದು ಹೋದ್ರೆ ನಮ್ಮನೆ ಚೀಲ ಮುನ್ನೂರು ಗ್ರಾಂ ಜಾಸ್ತಿ ಬರುತ್ತೆ," ಎಂದ ಒಂದು ದಿನ, ನಗುನಗುತ್ತಲೇ.

ನನಗೆ ಮೂಗಿನ ತುದಿಯಲ್ಲೇ ಕೋಪ. "ಹಾಗಾದ್ರೆ ನನ್ನನ್ನೂ ತೂಗಿ ಹೊರಗಿಟ್ಬಿಡಿ. ನೀವಾಗಿ ಕರೆಯೋವರೆಗೂ ಈ ಹೊಸ್ತಿಲು ತುಳಿಯಲ್ಲ" ಎಂದು ಎದ್ದು ಬಂದೆ. ಪುಟ್ಟಿ ಬಾಗಿಲವರೆಗೂ ಓಡಿ ಬಂದಳು. ನಾನು ತಿರುಗಿ ನೋಡಲಿಲ್ಲ. ಆ ಕೋಪದಲ್ಲೇ ಒಂದು ವರ್ಷ ಎರಡು ತಿಂಗಳು ಕಳೆದೆ. ಎಂಥ ಹಟಮಾರಿ ಹೆಂಗಸು ನಾನು.

ಆದರೆ ಶುಕ್ರವಾರ ಶುಕ್ರವಾರ ಅವಳ ಚೀಲ ನನ್ನ ಕೈಗೆ ಬರುತ್ತಿತ್ತು. ಆ ಬೀದಿಯ ಚೀಲಗಳು ನನ್ನ ಪಾಲಿನವು. ಹಾಲಿನ ಪ್ಯಾಕೆಟ್ಟನ್ನು ತೊಳೆದು, ಮೂಲೆ ಪೂರ್ತಿ ಕತ್ತರಿಸದೆ ನೇತಾಡುವಂತೆ ಬಿಟ್ಟು, ಒಂದರೊಳಗೊಂದು ಮಡಚಿ ಇಟ್ಟಿರುತ್ತಿದ್ದಳು. ಕತ್ತರಿಸಿದ ಮೂಲೆಯ ಚೂರುಗಳನ್ನು ಆಯುವುದು ನಮಗೆ ಎಷ್ಟು ರೇಜಿಗೆ ಎಂದು ಹಿಂದೆ ಯಾವಾಗಲೋ ನಾನೇ ಅವಳಿಗೆ ಹೇಳಿದ್ದೆ. ಬಾಚಣಿಗೆಯ ಕೂದಲಿನ ಉಂಡೆ, ರಬ್ಬರ್ ಬ್ಯಾಂಡು, ದಾರ ಮುಗಿದ ಖಾಲಿ ರೀಲು. ನೋಡಿ, ಚೆನ್ನಾಗಿದ್ದಾಳೆ, ಹೊಲಿಗೆ ಹಾಕುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಮಾತಿಲ್ಲದೆಯೂ ನಮ್ಮಿಬ್ಬರ ನಡುವೆ ವಾರಕ್ಕೊಂದು ಕಾಗದ ನಡೆಯುತ್ತಿತ್ತು ಎಂದೇ ನನ್ನ ಭಾವನೆ.

ನೂರು ದಿನಕ್ಕೊಮ್ಮೆ ಅವಳ ಮಾತ್ರೆಯ ಖಾಲಿ ಡಬ್ಬಿ ಬರುತ್ತಿತ್ತು. ನೂರು ಮಾತ್ರೆಯ ಬಿಳಿ ಪ್ಲಾಸ್ಟಿಕ್ ಡಬ್ಬಿ, ಬಿಗಿ ಮುಚ್ಚಳ. ಅದನ್ನು ಎಸೆಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಸಾಹೇಬರ ಕಣ್ಣು ತಪ್ಪಿಸಿ ಜೇಬಿಗೆ ಸೇರಿಸಿ, ಕಸ ಒತ್ತಿ ಕಟ್ಟಿದ ಮೂಟೆಗಳ ಮೇಲೆ ತಾರೀಖು ಬರೆಯುವ ಮಾರ್ಕರಿನಿಂದ ಅದರ ತಳಕ್ಕೂ ತಾರೀಖು ಹಾಕಿ ಮನೆಗೆ ತರುತ್ತಿದ್ದೆ. ಒಂದರಲ್ಲಿ ಗುಂಡಿ, ಒಂದರಲ್ಲಿ ಸೂಜಿ, ಒಂದರಲ್ಲಿ ಲವಂಗ.

ಐದು ತಿಂಗಳ ಹಿಂದೆ ಅವಳ ಚೀಲ ಹಗುರಾಗತೊಡಗಿತು. ಆರುನೂರು ಗ್ರಾಂ ಇದ್ದದ್ದು ನಾಲ್ಕುನೂರು, ಆಮೇಲೆ ಇನ್ನೂರೈವತ್ತು, ನೂರೈವತ್ತು. ಮೊದಲು ಶಾಂಪೂ ನಿಂತಿತು. ಆಮೇಲೆ ಹಾಲಿನ ಪ್ಯಾಕೆಟ್. ದಾರದ ರೀಲು ಬರಲಿಲ್ಲ. ಕೊನೆಗೆ ಚೀಲವೆಂದರೆ ಎರಡು ಹಳೆಯ ಪತ್ರಿಕೆ, ಒಂದು ಬ್ಲೇಡು. ನಾನೇನು ಮಾಡಿದೆ? ಹೆಮ್ಮೆಪಟ್ಟೆ! "ನಮ್ ಪುಟ್ಟಿ ನೋಡೇ, ಎಷ್ಟು ಅಚ್ಚುಕಟ್ಟು" ಎಂದು ಬಾಟಲಿ ಅಕ್ಕನಿಗೆ ಚೀಲ ಎತ್ತಿ ತೋರಿಸಿದೆ.

ಅವಳು ಕೈಗವಸು ಬಿಗಿಯುತ್ತಾ, "ಇಬ್ಬರು ಇರೋ ಮನೇನಾ ಇದು?" ಎಂದು ಮಾತ್ರ ಕೇಳಿದಳು.

"ಮತ್ತೇನು, ಇಪ್ಪತ್ತು ಜನಾನಾ?" ಎಂದು ರೇಗಿದೆ.

ಆ ವಾರವೇ ಸಾಹೇಬರು ಗೋಡೆಯ ಮುಂದೆ ನಮ್ಮನ್ನೆಲ್ಲ ನಿಲ್ಲಿಸಿದರು. ಆ ಬೀದಿಯ ಕಸ ಶೇಕಡಾ ಹತ್ತೊಂಬತ್ತು ಇಳಿದಿತ್ತು, ನೂರ ಹದಿನಾಲ್ಕನೇ ಮನೆಯದು ಶೇಕಡಾ ಎಪ್ಪತ್ತೈದು. ಅಂಥ ಮನೆಗೆ 'ಮಾದರಿ ಮನೆ' ಎಂಬ ಹಸಿರು ಫಲಕ ಕೊಡುವ ಯೋಜನೆಯಿತ್ತು. ಮಾದರಿ ಮನೆಯವರು ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳುತ್ತಾರೆ, ಒಣಕಸ ಅವರಲ್ಲಿ ಹುಟ್ಟುವುದೇ ಅಪರೂಪ. ಹಾಗಾಗಿ ಅವರ ಬಾಗಿಲಿಗೆ ಗಾಡಿ ವಾರವಾರ ನಿಲ್ಲಬೇಕಾಗಿಲ್ಲ, ಮೂರು ತಿಂಗಳಿಗೊಮ್ಮೆ ಸಾಕು. ಆ ಬೀದಿಯ ಚೀಲ ಬಿಚ್ಚುವ ಕೆಲಸಗಾರರು, ಚೀಲ ಸದಾ ಶುಚಿಯಾಗಿತ್ತು, ಮನೆಯಲ್ಲಿ ಯಾವ ಲೋಪವೂ ಕಂಡಿಲ್ಲ ಎಂದು ರುಜು ಹಾಕಬೇಕು.

"ನೀವೇ ಹಾಕ್ಬೇಕಮ್ಮ, ನಿಮ್ಮ ತಂಗಿ ಮನೆ ಅಲ್ವಾ, ಖುಷಿ ಪಡಿ" ಎಂದರು ಸಾಹೇಬರು.

ಖುಷಿಪಟ್ಟೆ. ಕೈ ತೊಳೆದು, ಒರೆಸಿಕೊಂಡು, ನಾನು ಶಾಲೆಯಲ್ಲಿ ಕಲಿತ ಅಕ್ಷರವೆಲ್ಲ ಸೇರಿಸಿ ಉದ್ದಕ್ಕೆ ರುಜು ಹಾಕಿದೆ. ಅವಳ ಗಂಡ ಫಲಕದ ಖುಷಿಯಲ್ಲಿ ಹಟ ಬಿಟ್ಟು ನನ್ನನ್ನು ಕರೆದಾನು ಎಂಬ ಆಸೆಯೂ ಒಳಗೊಳಗೇ ಇತ್ತು. ಮುಂದಿನ ಶುಕ್ರವಾರದಿಂದ ಗಾಡಿ ಆ ಮನೆಯ ಮುಂದೆ ನಿಲ್ಲಲಿಲ್ಲ.

ಆರು ವಾರ ಕಳೆಯಿತು. ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಮೆಂತ್ಯೆ ತುಂಬಿಡಲು ಸಣ್ಣ ಡಬ್ಬಿ ಹುಡುಕುತ್ತಿದ್ದೆ. ಖಾಲಿ ಡಬ್ಬಿ ಇರಲಿಲ್ಲ. ಈ ಸಲದ್ದು ಇನ್ನೂ ಬಂದಿಲ್ಲವೇನೋ ಎಂದುಕೊಂಡು ಲವಂಗದ ಡಬ್ಬಿಯನ್ನು ತಿರುಗಿಸಿ ತಳ ನೋಡಿದೆ. ಕೊನೆಯದಾಗಿ ಬಂದದ್ದು ಅದೇ. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸುತ್ತಾ ಹೋದೆ. ತಪ್ಪಿದೆ ಎಂದು ಮತ್ತೆ ಎಣಿಸಿದೆ. ನೂರ ಐವತ್ತಾರು ದಿನವಾಗಿತ್ತು.

ಆರು ವಾರದಿಂದ ಚೀಲವೇ ಬಂದಿಲ್ಲವಲ್ಲ, ಡಬ್ಬಿ ಮನೆಯಲ್ಲೇ ಬಿದ್ದಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ನೂರನೇ ದಿನ ಬಿದ್ದದ್ದು ಗಾಡಿ ನಿಲ್ಲುವ ಮುಂಚೆಯೇ. ಆ ಕೊನೆಯ ಚೀಲವನ್ನು ನಾನೇ ಬಿಚ್ಚಿದ್ದೆ. ಎರಡು ಹಳೆಯ ಪತ್ರಿಕೆ, ಒಂದು ಬ್ಲೇಡು. ಕೂದಲಿನ ಉಂಡೆಯೂ ಇರಲಿಲ್ಲ. ಆ ಚೀಲದಲ್ಲಿ ನನ್ನ ತಂಗಿ ಎಲ್ಲೂ ಇರಲಿಲ್ಲ. ಮೆಂತ್ಯೆ ಕೈಯಿಂದ ಜಾರಿ ನೆಲದ ತುಂಬ ಚೆಲ್ಲಿತು, ನಾನು ಅದನ್ನು ಗುಡಿಸಲಿಲ್ಲ.

ಅವಳ ನಂಬರಿಗೆ ಫೋನ್ ಮಾಡಿದೆ, ಅದು ಬಳಕೆಯಲ್ಲಿಲ್ಲ ಎಂದಿತು. ಅವಳ ಗಂಡನ ನಂಬರಿಗೆ ಮಾಡಿದೆ.

"ಅವಳ ಫೋನು ಹಳೇ ಎಲೆಕ್ಟ್ರಾನಿಕ್ ಸಾಮಾನು ತಗೊಳ್ಳೋರಿಗೆ ಕೊಟ್ವಿ ಅಕ್ಕ. ಮನೆಗೆ ಒಂದು ಸಾಕಲ್ವಾ?" ಎಂದ, ಬಹಳ ವಿನಯದಿಂದ.

"ಒಂದ್ನಿಮಿಷ ಅವಳಿಗೆ ಕೊಡಿ."

"ಮಲಗಿದ್ದಾಳೆ."

ಬೆಳಗಿನ ಹತ್ತೂವರೆ ಗಂಟೆ. ಮಧ್ಯಾಹ್ನ ಮಾಡಿದೆ, ಮಲಗಿದ್ದಾಳೆ. ಸಂಜೆ ಐದಕ್ಕೆ ನೇರ ಮನೆಗೇ ಹೋದೆ. ಹೊಸ್ತಿಲಿನ ಆಣೆ ಗಾಳಿಗೆ ಹೋಯಿತು. ಅವನು ಗೇಟಿನ ಒಳಗೇ ನಿಂತು ಮಾತಾಡಿದ. ಬಾಗಿಲ ಮೇಲೆ, ಫಲಕ ಬರುವವರೆಗೆ ಎಂದು ನಮ್ಮವರು ಅಂಟಿಸಿದ್ದ ಹಸಿರು ಚೀಟಿ ಹೊಳೆಯುತ್ತಿತ್ತು. ಅಂಗಳ ಅಷ್ಟು ಚೊಕ್ಕಟವಾಗಿತ್ತು, ಒಂದು ಎಲೆ ಸಹ ಬಿದ್ದಿರಲಿಲ್ಲ. ಕಿಟಕಿಗಳಿಗೆ ಪರದೆ.

"ಈಗ ತಾನೇ ಮಲಗಿದಳು. ಎಬ್ಬಿಸಿದ್ರೆ ಸುಮ್ನೆ ತೊಂದರೆ. ಬುಧವಾರ ಫಲಕ ಹಾಕೋಕೆ ಬರ್ತಾರಲ್ಲ, ಆಗ ಬನ್ನಿ ಅಕ್ಕ, ಎಲ್ಲರೂ ಇರ್ತೀವಿ."

"ಅವಳ ಮಾತ್ರೆ ತಗೋತಿದ್ದಾಳಾ?"

"ಅವಳು ಈಗ ಆರಾಮಾಗಿದ್ದಾಳೆ" ಎಂದು ಗೇಟಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಒಳಗೆ ಹೋದ.

ಆಗಲೇ ಕೂಗಿ ಬೀದಿ ಸೇರಿಸಬೇಕಿತ್ತು. ಎಲ್ಲರೆದುರೂ ಬಾಯಿ ಜೋರು ಮಾಡುವ ನಾನು ಅಂದು ಯಾಕೆ ಬಾಲ ಮುದುಡಿಕೊಂಡು ಬಂದೆನೋ. ಅವನ ದನಿ ಅಷ್ಟು ಮೆತ್ತಗಿತ್ತು, ನಾನೇ ಹುಚ್ಚಿಯೇನೋ ಎನಿಸಿಬಿಟ್ಟಿತು.

ಸೋಮವಾರ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಡಬ್ಬಿ ಕದ್ದು ಒಯ್ದದ್ದನ್ನೂ ಒಪ್ಪಿಕೊಂಡೆ. ಅವರು ಫೈಲಿನಿಂದ ನನ್ನ ರುಜು ಇದ್ದ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಲೋಪವೂ ಕಂಡಿಲ್ಲ ಅಂತ ಬರ್ಕೊಟ್ಟಿದ್ದು ನೀವೇ. ಈಗ ಕಸ ಕಡಿಮೆ ಬಂತು ಅಂತ ದೂರು ಹೇಳ್ತಿದೀರಿ. ಕಡಿಮೆ ಮಾಡಿ ಅಂತ ನಾವೇ ಅಲ್ವೇನಮ್ಮ ಮನೆಮನೆಗೆ ಹೋಗಿ ಹೇಳಿದ್ದು?"

"ಸಾಹೇಬ್ರೇ, ಬದುಕಿರೋರು ಸ್ವಲ್ಪವಾದ್ರೂ ಕಸ ಮಾಡ್ತಾರೆ."

ಅವರು ಗೋಡೆಯ ಗೆರೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಅಕ್ಕತಂಗೀರ ಜಗಳಾನ ಆಫೀಸಿಗೆ ತರಬೇಡಿ."

ನಾನು ಪೊಲೀಸರ ಹತ್ತಿರವೂ ಹೋದೆ. ಅಲ್ಲಿ ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟು, ಗಂಡ ಹೊಡೆದನೇ ಎಂದರು, ಇಲ್ಲ ಎಂದೆ. ಬೀಗ ಹಾಕಿದ್ದಾನೆಯೇ, ಗೊತ್ತಿಲ್ಲ ಎಂದೆ. ಮತ್ತೇನು ಪುರಾವೆ ಎಂದರು. ಒಂದು ಡಬ್ಬಿ ಬರಲಿಲ್ಲ ಎಂದೆ. ಪಕ್ಕದಲ್ಲಿದ್ದವರು ನಗು ತಡೆದುಕೊಂಡರು. ಬುಧವಾರ ಹೇಗೂ ನಿಮ್ಮ ಆಫೀಸಿನವರೇ ಹೋಗುತ್ತಿದ್ದೀರಲ್ಲ, ನೋಡಿ ಬಂದು ಹೇಳಿ ಎಂದರು. ಫಲಕ ಹಾಕುವ ಮುಂಚೆ ಕೆಲಸಗಾರರೊಬ್ಬರು ಮನೆಯ ಗೊಬ್ಬರದ ಡ್ರಮ್ಮನ್ನು ತೆಗೆದು ನೋಡಬೇಕೆಂಬ ನಿಯಮವಿತ್ತು. ಆ ಕೆಲಸ ನಾನೇ ಮಾಡುತ್ತೇನೆ ಎಂದು ಸಾಹೇಬರ ಬೆನ್ನು ಬಿದ್ದೆ. ನನ್ನ ಕಾಟ ತಪ್ಪಲಿ ಎಂದು ಒಪ್ಪಿದರು. 

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಸಾಹೇಬರು, ಫಲಕ, ಫಲಕ ಹೊಡೆಯಲು ಡ್ರಿಲ್ ಹಿಡಿದ, ಕಸದ ಗಾಡಿ ಓಡಿಸುವ ಗಾಡಿ ಅಣ್ಣ, ಹಿಂದೆ ನಾನು. ತಂಗಿಯ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿ ಗೇಟು ತೆರೆದು ನಿಂತಿದ್ದ. ಹಿತ್ತಲಿನಲ್ಲಿ ಡ್ರಮ್ಮು. ಮುಚ್ಚಳ ತೆಗೆದೆ. ಒಣ ತರಗೆಲೆ, ಅದರ ಮೇಲೆ ಒಂದು ಮುಷ್ಟಿ ತರಕಾರಿ ಸಿಪ್ಪೆ. ಕೋಲು ಹಾಕಿ ತಳದವರೆಗೂ ಕೆದಕಿದೆ. ಆರು ವಾರದ ಅಡುಗೆಯ ಗುರುತು ಅದರಲ್ಲಿ ಇರಲಿಲ್ಲ. ಒಬ್ಬರು ಹೊಟ್ಟೆ ತುಂಬ ಉಂಡರೂ ಇದಕ್ಕಿಂತ ಹೆಚ್ಚು ಬೀಳುತ್ತದೆ.

"ಕಡಿಮೆ ಬೇಯಿಸಿದ್ರೆ ಕಡಿಮೆ ಕೊಳೆಯುತ್ತೆ" ಎಂದ ಅವನು ಸಾಹೇಬರಿಗೆ. "ಮನೆಯೊಳಗೆ ಬಂದ್ರೆ ತಾನೇ ಹೊರಗೆ ಹೋಗೋದು? ನಾನು ಬರೋ ಬಾಗಿಲನ್ನೇ ಮುಚ್ಚಿಬಿಟ್ಟೆ ಸರ್."

ನಡುಮನೆಯಲ್ಲಿ ಮೇಜಿನ ಮೇಲೆ ಒಂದು ಗಾಜಿನ ಸೀಸೆ ಇಟ್ಟಿದ್ದ. ಮೂರು ಬ್ಲೇಡು, ಎರಡು ಪೆನ್ನಿನ ರೀಫಿಲ್, ಒಂದಿಷ್ಟು ಬಸ್ ಟಿಕೆಟ್. ಆರು ವಾರದ ಒಣಕಸ ಇಷ್ಟೇ ಎಂದ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದುಕೊಂಡರು. ಅವರ ಮುಖ ಅರಳಿತ್ತು.

"ಇದರಲ್ಲಿ ನನ್ನ ತಂಗೀದು ಯಾವುದು?" ಎಂದೆ.

ನಾನು ಅವನ ಕಡೆಗೆ ತಿರುಗಿದೆ.

"ಮಾತ್ರೆ ಡಬ್ಬಿ ಎಲ್ಲಿ?"

"ಮೊದಲು ನಿಲ್ಲಿಸಿದ್ದೇ ಅದನ್ನ ಅಕ್ಕ." ಅವನ ಮುಖದಲ್ಲಿ ಅಳುಕಿರಲಿಲ್ಲ, ನನಗೆ ಪಾಠ ಹೇಳುವ ಉತ್ಸಾಹವಿತ್ತು. "ವರ್ಷಾನುಗಟ್ಟಲೆ ಡಬ್ಬಿ ಡಬ್ಬಿ ಪ್ಲಾಸ್ಟಿಕ್. ಅಭ್ಯಾಸ ಅಷ್ಟೇ ಅದು. ದೇಹಕ್ಕೆ ಹೊರಗಿನಿಂದ ಕೊಡೋದು ನಿಲ್ಲಿಸಿದ್ರೆ ತಾನಾಗೇ ತಯಾರು ಮಾಡ್ಕೊಳ್ಳುತ್ತೆ. ಅವಳೂ ಒಪ್ಪಿದ್ಲು. ಸ್ವಲ್ಪ ನಿದ್ದೆ ಜಾಸ್ತಿಯಾಗಿದೆ. ಊಟ ಕೇಳೋದೂ ಕಡಿಮೆಯಾಗಿದೆ, ಅದೂ ಒಳ್ಳೇದೇ."

ಸಾಹೇಬರು ಸೀಸೆಯನ್ನು ಮೇಜಿನ ಮೇಲೆ ಇಟ್ಟರು. 

ನಾನು ಅವನನ್ನು ಭುಜದಿಂದ ತಳ್ಳಿ ಒಳಕೋಣೆಗೆ ನುಗ್ಗಿದೆ. ಬೀಗವೇನೂ ಇರಲಿಲ್ಲ. ಬಾಗಿಲು ಚಿಲಕವಿಲ್ಲದೆ ಬರೀ ಮುಚ್ಚಿತ್ತು. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ತಳ್ಳಿದರೆ ತೆರೆಯುವ ಬಾಗಿಲು ಅದು.

ಮಂಚದ ಮೇಲೆ ಯಾರೋ ದಪ್ಪ ಹೆಂಗಸು ಮೂರು ಕಂಬಳಿ ಹೊದ್ದು ಮಲಗಿದ್ದಳು. ಹೊರಗೆ ಸೆಕೆ ಬೆವರಿಳಿಸುತ್ತಿತ್ತು. ರೆಪ್ಪೆಗಳು ಊದಿ ಕಣ್ಣು ಗೆರೆಯಷ್ಟೇ ಉಳಿದಿತ್ತು, ತುಟಿ ದಪ್ಪಗಾಗಿತ್ತು, ಹುಬ್ಬಿನ ಕೂದಲು ಅರ್ಧ ಉದುರಿತ್ತು. ಇವಳು ಯಾರು, ನನ್ನ ತಂಗಿ ಎಲ್ಲಿ ಎಂದು ನಾನು ಆ ಕೋಣೆಯಲ್ಲಿ ಸುತ್ತ ನೋಡಿದೆ. ಆಮೇಲೆ ಕೈ ಮುಟ್ಟಿದೆ. ತಣ್ಣಗಿತ್ತು, ನಲ್ಲಿಯ ನೀರಿನಷ್ಟು ತಣ್ಣಗೆ. ನಾನು ಎತ್ತಿ ಆಡಿಸಿದ ಕೈಯೇ ಅದು.

"ಪುಟ್ಟಿ," ಎಂದೆ. "ಪುಟ್ಟಿ, ನಾನು ಕಣೆ."

ಹೊರಗೆ ಗಾಡಿ ಅಣ್ಣ ಆಂಬುಲೆನ್ಸಿಗೆ ಫೋನಿನಲ್ಲಿ ಕೂಗಿ ಕೂಗಿ ವಿಳಾಸ ಹೇಳುತ್ತಿದ್ದ. ಅವಳು ಕಣ್ಣು ತೆರೆಯಲು ಬಹಳ ಹೊತ್ತು ತೆಗೆದುಕೊಂಡಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಗಂಡಸಿನಂತೆ ಒರಟಾಗಿದ್ದ ದನಿಯಲ್ಲಿ, ಒಂದೊಂದು ಮಾತಿಗೂ ನಡುವೆ ಮಲಗಿ ಎದ್ದಂತೆ ಮಾತಾಡಿದಳು.

"ಅಕ್ಕಾ... ಗಾಡಿ ಯಾಕೆ ಬರ್ತಿಲ್ಲ?"

ನಾನು ಕಂಬಳಿಯನ್ನು ಅವಳ ಕತ್ತಿನವರೆಗೂ ಎಳೆದೆ.

"ಶುಕ್ರವಾರ... ಬಾಗಿಲವರೆಗೂ ಹೋಗಿ ಕೂತ್ಕೋತಿದ್ದೆ. ಬಂದ್ರೆ ಹತ್ತಿ... ನಿನ್ ಹತ್ರ ಬಂದ್ಬಿಡೋಣ ಅಂತ. ನಿನ್ ಹತ್ರಾನೇ ಅಲ್ವಾ ಅದು ಬರೋದು... ಎಷ್ಟು ಶುಕ್ರವಾರ ಕೂತಿದ್ದೆ. ಗೇಟ್ ಮುಂದೆ ಬಂದು... ನಿಲ್ದೇ ಹೋಗ್ಬಿಡೋದು. ಕೂಗೋಕೆ ಆಗ್ಲಿಲ್ಲ ಅಕ್ಕ."

ಕಣ್ಣು ಮುಚ್ಚಿದಳು. ನಾನು ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಉಜ್ಜುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಹೃದಯ ಸುಸ್ತಾಗಿಬಿಟ್ಟಿದೆ, ಒಂದು ತಿಂಗಳ ಮುಂಚೆ ಬಂದಿದ್ದರೂ ಸಾಕಿತ್ತು ಎಂದರು ಡಾಕ್ಟರು. ಆ ಒಂದು ತಿಂಗಳಲ್ಲಿ ಎಷ್ಟು ಶುಕ್ರವಾರ ಎಂದು ಅವರು ಕೇಳಲಿಲ್ಲ. ಮೂರೂ ದಿನ ಹಾಸಿಗೆಯ ಪಕ್ಕ ಕೂತು ಅಮ್ಮನ ಮಾತು, ಚಿಕ್ಕಂದಿನ ಮಾತು, ಬಾಟಲಿ ಅಕ್ಕನ ಜೋಕು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳು ನಡುವೆ ನಡುವೆ ಹೂಂ ಎನ್ನುತ್ತಿದ್ದಳು. ಒಮ್ಮೆ ಮಾತ್ರ ಮತ್ತೆ, "ಗಾಡಿ..." ಎಂದಳು. ನಾಳೆ ಹೇಳ್ತೀನಿ ಕಣೆ, ಈಗ ಮಲ್ಕೋ ಎಂದೆ.

ನಾಲ್ಕನೆಯ ದಿನ ಬೆಳಗ್ಗೆ ಹೇಳಿದೆ. ಗಾಡಿ ನಿಲ್ಲಿಸಿದವಳು ನಾನೇ ಪುಟ್ಟಿ, ನಾನೇ ರುಜು ಹಾಕಿದೆ ಎಂದೆ. ನರ್ಸಮ್ಮ ನನ್ನ ಭುಜ ಹಿಡಿದು ಎಬ್ಬಿಸಿದಾಗಲೂ ಹೇಳುತ್ತಲೇ ಇದ್ದೆನಂತೆ. ಅವಳ ಮುಖದ ಮೇಲೆ ಆಗಲೇ ಬಟ್ಟೆ ಎಳೆದಿದ್ದರು.